ಇಂಥಾವ ನಾಕ ಕೊಡ್ರಿ

ದುಂಡಸಿ ಸೀಮೆಯ ಹಿರಿಯರು ಔಷಧ ಅಂಗಡಿಯಲ್ಲಿ ಔಷಧದ ಹೆಸರು ಹೇಳುವುದಿಲ್ಲ, ತೋರಿಸುತ್ತಾರೆ. ಎಲೆ-ಅಡಿಕೆ ಸಂಚಿಯಿಂದ ಸವಣೂರಿನ ಎಲೆ, ಸುಣ್ಣದ ಡಬ್ಬಿ, ಶಿಗ್ಗಾಂವಿ ಬಸ್ಸಿನ ಹಳೆ ಟಿಕೆಟ್ ಒಂದೊಂದಾಗಿ ಹೊರಬಂದ ಮೇಲೆ ಕೊನೆಗೆ ಉಗುರಿನಗಲದ ಬೆಳ್ಳಿಹಾಳೆಯ ತುಣುಕೊಂದು ಬರುತ್ತದೆ. ಗುಳಿಗೆ ಹೊಟ್ಟೆಗೆ ಹೋಗಿ ಬರೀ ಗೂಡು ಉಳಿದ ತುಣುಕು. ಅದನ್ನು ಗಾಜಿನ ಮೇಲಿಟ್ಟು "ಇಂಥಾವ ನಾಕ ಕೊಡ್ರಿ" ಅಂದರೆ ಅರ್ಧ ವ್ಯವಹಾರ ಮುಗಿಯಿತು.

ಆ ತುಣುಕಿನ ಮೇಲೆ ಉಳಿದಿರುವುದು ಹೆಸರಿನ ನಡುವಿನ ಮೂರು ಅಕ್ಷರ ಮತ್ತು ಕಂಪನಿ ವಿಳಾಸದ ಪಿನ್‌ಕೋಡಿನ ಬಾಲ. ಅವಧಿ ಯಾವಾಗ ಮುಗಿಯುತ್ತದೆ, ಎಷ್ಟು ಮಿಲಿಗ್ರಾಂ ಎಂಬುದೆಲ್ಲ ಕತ್ತರಿಯ ಆಚೆ ಬದಿಗೆ, ಇನ್ನೊಬ್ಬ ಗಿರಾಕಿಯ ಪಾಲಿಗೆ ಹೋಗಿದೆ. ತಲೆ ತಿರುಗುವುದಕ್ಕೆ ನಮ್ಮಲ್ಲಿ ಧಾರಾಳವಾಗಿ ಬರೆಯುವ ಬೀಟಾಹಿಸ್ಟಿನ್ 8, 16, 24 ಮಿಲಿಗ್ರಾಂ ಹೀಗೆ ಮೂರು ಅಳತೆಯಲ್ಲಿ ಬರುತ್ತದೆ. ಎಂಟರದನ್ನು ದಿನಕ್ಕೆ ಮೂರು ಸಲ ನುಂಗಲು ಹೇಳಿಸಿಕೊಂಡವರ ಕೈಗೆ ಇಪ್ಪತ್ನಾಲ್ಕರದು ಸಿಕ್ಕರೆ ದಿನದ ಲೆಕ್ಕ 72ಕ್ಕೆ ಏರುತ್ತದೆ. ಸಾಮಾನ್ಯವಾಗಿ ವೈದ್ಯರು ಇಟ್ಟುಕೊಳ್ಳುವ ಮಿತಿ 48. ಅಂಗಡಿಯವನೂ ಏನು ಮಾಡಿಯಾನು? ತುಣುಕನ್ನು ಟ್ಯೂಬ್‌ಲೈಟಿಗೆ ಹಿಡಿದು ತಿರುವಿ ನೋಡಿ, "ದೊಡ್ಡವು ಕೊಡಲ್ರ್ಯೋ, ಸಣ್ಣವೋ ಅಜ್ಜಾರ?" ಎನ್ನುತ್ತಾನೆ.

"ದೊಡ್ಡವ ಕೊಡಪಾ. ಬ್ಯಾನಿ ಸಣ್ಣದಿಲ್ಲ."

ಅಂಗಡಿಗೆ ಬರುವ ಮುಂಚೆಯೇ ಕಟ್ಟೆಯ ಮೇಲೆ ರೋಗನಿರ್ಣಯ ಆಗಿರುತ್ತದೆ ಅನ್ನುವುದನ್ನು ಮರೆಯಬಾರದು. ಮುಂಜಾನೆ ಹಾಸಿಗೆಯಿಂದ ಏಳುವಾಗ ದೊಡ್ಡವ್ವನಿಗೆ ಮನೆ ಗರಗರ ತಿರುಗಿತು ಎಂಬ ಸುದ್ದಿ ಓಣಿಗೆ ಬಿದ್ದರೆ ಸಾಕು. "ಪಿತ್ತ ನೆತ್ತಿಗೇರೇತಿ" ಎನ್ನುವ ಪಕ್ಷ ಬಹಳ ಹಳೆಯದು. "ಗ್ಯಾಸ್ ಮ್ಯಾಲೆ ಹೊಡದೇತಿ" ಎನ್ನುವುದು ಅದರಿಂದಲೇ ಒಡೆದು ಬಂದ ಬಣ. "ಬಿಪಿ ಲೋ" ಪಕ್ಷದಲ್ಲಿ ಬಿಪಿ ಅಳೆದವರು ಒಬ್ಬರೂ ಇರುವುದಿಲ್ಲ. ಹುಬ್ಬಳ್ಳಿಯಲ್ಲಿ ನಾಲ್ಕು ವರ್ಷ ಕೆಲಸ ಮಾಡಿ ಬಂದವರು "ಸರ್ವೈಕಲ್" ಎನ್ನುತ್ತಾರೆ. ಆ ಶಬ್ದ ಕೇಳಿದ ಮೇಲೆ ಉಳಿದವರು ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ. ದೃಷ್ಟಿಯಾಗಿದೆ ಎನ್ನುವವರು ಪಕ್ಷೇತರರು, ಯಾರಿಗೆ ಬೇಕಾದರೂ ಬೆಂಬಲ ಕೊಡುತ್ತಾರೆ. ರೋಗದ ಬಗ್ಗೆ ಇಷ್ಟು ಭಿನ್ನಮತ ಇದ್ದರೂ ಚಿಕಿತ್ಸೆಯ ಠರಾವು ಮಾತ್ರ ಸರ್ವಾನುಮತದ್ದು: "ಹಿಂದಿನ ಓಣಿ ಕಾಕಾಗೂ ಹಿಂಗ ಆಗಿತ್ತು. ಅವರ ಮನ್ಯಾಗ ಗುಳಿಗಿ ಅದಾವ, ಎರಡ ಇಸ್ಕೊಂಡ ಬಾ."

ಇಡೀ ಸಭೆಯಲ್ಲಿ ಕಿವಿಯ ಹೆಸರು ಒಮ್ಮೆಯೂ ಬರುವುದಿಲ್ಲ. ನಮ್ಮ ಮಟ್ಟಿಗೆ ಕಿವಿ ಇರುವುದು ಚಾಡಿ ಕೇಳುವುದಕ್ಕೆ, ಬಿಡುವಿದ್ದಾಗ ಬೈಕಿನ ಕೀಲಿಯಿಂದ ಕೆರೆದುಕೊಳ್ಳುವುದಕ್ಕೆ.

ಈ ವಿಷಯದಲ್ಲಿ ನಮ್ಮ ಕಟ್ಟೆ ಇನ್ನೂ 1861ಕ್ಕಿಂತ ಹಿಂದಿದೆ. ಆ ವರ್ಷ ಪ್ಯಾರಿಸ್ಸಿನಲ್ಲಿ ಕಿವುಡ-ಮೂಗರ ಸಂಸ್ಥೆಯ ವೈದ್ಯನಾಗಿದ್ದ ಪ್ರೊಸ್ಪರ್ ಮೆನಿಯೇರ್, ತಲೆ ತಿರುಗಿ ವಾಂತಿಯಾಗುವ ಎಲ್ಲರ ರೋಗವೂ ಮಿದುಳಿನದಲ್ಲ, ಕೆಲವರದು ಒಳಗಿವಿಯದು ಎಂದು ವಾದಿಸಿದ. ಅಲ್ಲಿಯವರೆಗೆ ಅಂಥವರಿಗೆ ಮಿದುಳಿನಲ್ಲಿ ರಕ್ತ ತುಂಬಿದೆಯೆಂದು ಜಿಗಣೆ ಹಚ್ಚಿ ರಕ್ತ ಇಳಿಸುತ್ತಿದ್ದರಂತೆ. ಆಮೇಲೆ ವಿಯೆನ್ನಾದ ರಾಬರ್ಟ್ ಬಾರಾನಿ ಬಂದ. ರೋಗಿಗಳ ಕಿವಿಗೆ ನೀರು ಬಿಟ್ಟು ತೊಳೆಯುವಾಗ ತಣ್ಣೀರಾದರೆ ಕಣ್ಣುಗುಡ್ಡೆ ಒಂದು ಕಡೆಗೂ ಬಿಸಿನೀರಾದರೆ ಇನ್ನೊಂದು ಕಡೆಗೂ ಕುಣಿಯುವುದನ್ನು ಗಮನಿಸಿ, ಸಮತೋಲದ ಗುಟ್ಟು ಹಿಡಿದ. ಅದಕ್ಕೆ 1914ರ ನೊಬೆಲ್ ಬಂತು. ಸುದ್ದಿ ಬಂದಾಗ ಆತ ಮಹಾಯುದ್ಧದಲ್ಲಿ ಸೆರೆಸಿಕ್ಕು ರಷ್ಯಾದ ಕೈದಿಗಳ ಶಿಬಿರದಲ್ಲಿದ್ದ. ಅಷ್ಟು ಕಷ್ಟಪಟ್ಟು ಕಂಡುಹಿಡಿದದ್ದನ್ನು ನಾವು "ಪಿತ್ತ" ಎಂಬ ಎರಡಕ್ಷರದಲ್ಲಿ ವಜಾ ಮಾಡಿದ್ದೇವೆ.

ಒಳಗಿವಿಯಲ್ಲಿ ಮೂರು ಅರ್ಧವೃತ್ತದ ಸಣ್ಣ ನಾಳಗಳಿವೆ, ಒಳಗೆ ದ್ರವ. ತಲೆ ಯಾವ ಕಡೆ ತಿರುಗಿತು ಎಂದು ಮಿದುಳಿಗೆ ವರದಿ ಕೊಡುವುದು ಅವುಗಳ ಕೆಲಸ. ಪಕ್ಕದ ಚೀಲದಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟಿನ ಹರಳುಗಳು ಅಂಟಿಕೊಂಡಿರುತ್ತವೆ, ಅಂದರೆ ಸುಣ್ಣದಕಲ್ಲಿನ ಜಾತಿಯವೇ. ವಯಸ್ಸಾದಂತೆ, ಇಲ್ಲವೇ ತಲೆಗೆ ಪೆಟ್ಟು ಬಿದ್ದರೆ, ಇವುಗಳಲ್ಲಿ ಕೆಲವು ಕಿತ್ತುಬಂದು ನಾಳದೊಳಕ್ಕೆ ಜಾರುತ್ತವೆ. ಮಗ್ಗಲು ಬದಲಿಸಿದಾಗ, ಜಂತಿಯ ಕಡೆ ಗೋಣೆತ್ತಿ ನೋಡಿದಾಗ, ಹರಳು ಉರುಳಿ ದ್ರವ ಅಲುಗುತ್ತದೆ. ನಾಳ "ತಿರುಗಿದೆವು" ಎಂದು ಸುಳ್ಳು ವರದಿ ಕಳಿಸುತ್ತದೆ. ಒಂದು ನಿಮಿಷದೊಳಗೆ ನಿಲ್ಲುವ, ಆದರೆ ಜೀವ ಬಾಯಿಗೆ ಬರುವ ಸುತ್ತು ಶುರುವಾಗುತ್ತದೆ. ಕಿವಿಯಿಂದ ಬರುವ ತಲೆಸುತ್ತಿನಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದದ್ದು ಇದೇ. ಎಲೆಗೆ ಹಚ್ಚುವ ಸುಣ್ಣ ಹೆಚ್ಚಾದರೆ ಬಾಯಿ ಸುಡುತ್ತದೆಂದು ಗೊತ್ತಿರುವ ಸೀಮೆಯಲ್ಲಿ, ಕಿವಿಯೊಳಗಿನ ಸುಣ್ಣ ಜಾಗ ತಪ್ಪಿದರೆ ಊರು ತಿರುಗುತ್ತದೆಂದು ಯಾರೂ ಹೇಳಿಕೊಟ್ಟಿಲ್ಲ.

ಈಗ ಕೇಳಿ ತಮಾಷೆ. ಜಾರಿಬಿದ್ದ ಹರಳನ್ನು ಗುಳಿಗೆ ಎತ್ತಿ ಇಡುವುದಿಲ್ಲ. ಅದನ್ನು ತಲೆ ಹೊರಳಿಸಿಯೇ ವಾಪಸು ಕಳಿಸಬೇಕು. ಅಮೆರಿಕದ ಜಾನ್ ಎಪ್ಲಿ ಎಂಬ ಕಿವಿವೈದ್ಯ ಇದರ ಕ್ರಮ ಹೇಳಿದಾಗ ಸಹವೈದ್ಯರೇ ನಕ್ಕಿದ್ದರು. 1992ರಲ್ಲಿ ಅವನ ಬರಹ ಅಚ್ಚಾದ ಮೇಲೆ ನಗು ನಿಧಾನವಾಗಿ ಕಡಿಮೆಯಾಯಿತು. ಮೊದಲು ಯಾವ ಕಿವಿ ಎಂದು ಪರೀಕ್ಷೆ ಮಾಡಿ ಗೊತ್ತುಮಾಡಿಕೊಳ್ಳುತ್ತಾರೆ. ಆಮೇಲೆ ಮಂಚದ ಮೇಲೆ ಕೂರಿಸಿ, ಗೋಣನ್ನು ಆ ಕಡೆಗೆ ತಿರುಗಿಸಿ, ತಲೆ ತುಸು ಕೆಳಗೆ ಜೋಲುವಂತೆ ಅಂಗಾತ ಮಲಗಿಸಿ, ಅರ್ಧ-ಒಂದು ನಿಮಿಷ ತಡೆದು, ಇನ್ನೊಂದು ಕಡೆಗೆ ಹೊರಳಿಸಿ, ಮತ್ತೆ ತಡೆದು, ಮಗ್ಗಲಾಗಿಸಿ ಎಬ್ಬಿಸುತ್ತಾರೆ. ಐದಾರು ನಿಮಿಷದ ಕೆಲಸ, ಬಹಳ ಜನರಿಗೆ ಒಂದೆರಡು ಸಲಕ್ಕೇ ಗುಣ. ಈ ರೋಗಕ್ಕೆ ತಲೆಸುತ್ತು ಅದುಮುವ ಗುಳಿಗೆಗಳನ್ನು ರೂಢಿಯಾಗಿ ಕೊಡಬೇಡಿ ಎಂದು ಅಮೆರಿಕದ ಕಿವಿ-ಮೂಗು-ಗಂಟಲು ವೈದ್ಯರ ಸಂಘ 2017ರ ತನ್ನ ಮಾರ್ಗಸೂಚಿಯಲ್ಲೇ ಬರೆದಿದೆ.

ನಮ್ಮಲ್ಲಿ ಇದನ್ನು ಮಾಡಿಸಿಕೊಂಡು ಹೊರಬಂದವರ ಮುಖ ನೋಡಬೇಕು. ಸುತ್ತು ನಿಂತಿದೆ, ಸಮಾಧಾನವಿಲ್ಲ. "ಸೂಜಿ ಇಲ್ಲ, ಸಲಾಯಿನ್ ಇಲ್ಲ, ಗುಳಿಗಿ ಇಲ್ಲ. ಎರಡ ಸಲ ಗೋಣ ತಿರಿವಿ ರೊಕ್ಕ ಇಸ್ಕೊಂಡ!" ಎಂದು ಬಸ್‌ಸ್ಟ್ಯಾಂಡಿನಲ್ಲಿ ದೂರು. ಮಗ ಸಮಾಧಾನ ಮಾಡುತ್ತಾನೆ: "ಇರಲಿ ಬಿಡಪಾ, ತಡಸದಾಗ ಇಳದು ಒಂದ ಸಲಾಯಿನ್ ಹಚ್ಚಸೂಣು." ಇದೇ ಯಪ್ಪ ಕ್ಷೌರದಂಗಡಿಯಲ್ಲಿ ಗೋಣು ಲಟಕ್ಕೆನ್ನುವ ಹಾಗೆ ತಿರುವಿಸಿಕೊಂಡು, ಆ ಸಂತೋಷಕ್ಕೆ ಹತ್ತು ರೂಪಾಯಿ ಹೆಚ್ಚಿಗೆ ಕೊಟ್ಟು ಬರುವವನು. ಆ ಲಟಕ್ಕಿನಲ್ಲಿ ಅಪರೂಪಕ್ಕೆ ಕುತ್ತಿಗೆಯ ರಕ್ತನಾಳದ ಒಳಪದರ ಹರಿದು ಮಿದುಳಿಗೆ ಹೊಡೆತ ಬೀಳುವುದುಂಟು. ಆದರೆ ಹಜಾಮತಿ ಮಾಡುವವನ ಕೈಯ ಮೇಲೆ ಇರುವ ವಿಶ್ವಾಸವೇ ಬೇರೆ.

ಕಾಯ್ದೆ ಇಲ್ಲವೇ ಎಂದು ಕೇಳುವವರಿಗೆ: ಇದೆ, ಚೆನ್ನಾಗಿಯೇ ಇದೆ. 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆ, 1945ರ ನಿಯಮಗಳು. ಅವುಗಳ ಎಚ್ ಅನುಸೂಚಿಯಲ್ಲಿರುವ ಔಷಧಗಳನ್ನು ನೋಂದಾಯಿತ ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಗುಳಿಗೆಯ ಪಟ್ಟಿಯ ಮೇಲೆ ಆರ್‌ಎಕ್ಸ್ ಗುರುತು, ಕೆಳಗೆ ಎಚ್ಚರಿಕೆಯ ವಾಕ್ಯ. ವಾಕ್ಯ ಇಂಗ್ಲಿಷಿನಲ್ಲಿ, ಸಾಸಿವೆಗಿಂತ ಸಣ್ಣ ಅಕ್ಷರದಲ್ಲಿ. ತಲೆ ತಿರುಗುವವರು ಓದಲು ಹೋದರೆ ಇನ್ನಷ್ಟು ತಿರುಗಬೇಕು. ನಿಯಮ ಇನ್ನೂ ಮುಂದೆ ಹೋಗುತ್ತದೆ. ಮತ್ತೆ ಕೊಡಬಹುದೆಂದು ವೈದ್ಯರೇ ಬರೆಯದ ಹೊರತು ಒಂದು ಚೀಟಿಗೆ ಒಂದೇ ಸಲ ಔಷಧ ಕೊಡಬೇಕು. ಕೊಟ್ಟಾಗ ಅಂಗಡಿಯ ಹೆಸರು, ವಿಳಾಸ, ತಾರೀಖನ್ನು ಆ ಚೀಟಿಯ ಮೇಲೆಯೇ ವೈದ್ಯರ ಸಹಿಯ ಮೇಲುಗಡೆ ಬರೆಯಬೇಕು.

ಈ ನಿಯಮಕ್ಕೆ ನಮ್ಮ ಜನ ಕೊಟ್ಟ ಉತ್ತರ ಲ್ಯಾಮಿನೇಷನ್. ಎಂದೋ ಹತ್ತು ದಿನಕ್ಕೆಂದು ಬರೆದ ಚೀಟಿ ಮಡಿಕೆಯಲ್ಲಿ ಹರಿಯತೊಡಗಿದ್ದೇ ತಡ, ಆಧಾರ್ ಕಾರ್ಡಿನ ಜೊತೆ ಅದಕ್ಕೂ ಪ್ಲಾಸ್ಟಿಕ್ ಹೊದಿಕೆ. ಇನ್ನು ಅದರ ಮೇಲೆ ಯಾವ ಅಂಗಡಿಯವನ ಪೆನ್ನೂ ಮೂಡುವುದಿಲ್ಲ. ಹತ್ತು ದಿನ ಎಂಬ ಶಬ್ದ ಪ್ಲಾಸ್ಟಿಕ್ಕಿನೊಳಗೆ ವರ್ಷಗಟ್ಟಲೆ ಹೊಳೆಯುತ್ತ ಇರುತ್ತದೆ, ಯಾರೂ ಓದುವುದಿಲ್ಲ. ಚೀಟಿ ಬರೆದ ವೈದ್ಯರು ನಿವೃತ್ತರಾಗಿ ಮೊಮ್ಮಕ್ಕಳನ್ನು ಆಡಿಸುತ್ತಿರಬಹುದು. ಅವರ ಚೀಟಿ ಮಾತ್ರ ಸೇವೆಯಲ್ಲಿದೆ.

ಗುಳಿಗೆಗಳೂ ಪಾಪ, ಒಂದೇ ಮನೆಯವಲ್ಲ. ಅಂಗಡಿಯಲ್ಲಿ ಎಲ್ಲವಕ್ಕೂ "ತಲಿ ತಿರಗೂ ಗುಳಿಗಿ" ಎಂಬ ಒಂದೇ ಅಡ್ಡಹೆಸರು, ಅಷ್ಟೆ. ಮೊದಲನೆಯದು ಪ್ರೊಕ್ಲೋರ್‌ಪೆರಜೀನ್, ಜನರ ಬಾಯಲ್ಲಿ ಸ್ಟೆಮೆಟಿಲ್. 1950ರ ದಶಕದಲ್ಲಿ ಇದು ಬಂದದ್ದು ಮನೋರೋಗದ ಔಷಧಗಳ ವಂಶದಿಂದ. ಸುತ್ತು-ವಾಂತಿ ಜೋರಾಗಿರುವ ಮೊದಲ ಎರಡು ಮೂರು ದಿನಕ್ಕೆ ಬಲು ಉಪಕಾರಿ. ಅದಕ್ಕಿಂತ ಹೆಚ್ಚು ದಿನ ನುಂಗಿದರೆ ಒಳಗಿವಿಯ ನಷ್ಟವನ್ನು ತುಂಬಿಕೊಳ್ಳಲು ಕಲಿಯಬೇಕಾದ ಮಿದುಳನ್ನೇ ಇದು ಮಲಗಿಸಿಬಿಡುತ್ತದೆ. ಹರೆಯದ ಹುಡುಗರಿಗೆ ಕೆಲವೊಮ್ಮೆ ಒಂದೆರಡು ಗುಳಿಗೆಗೇ ದವಡೆ ಸೊಟ್ಟಗಾಗಿ, ಗೋಣು ಹಿಂದಕ್ಕೆ ಸೆಟೆದು, ಕಣ್ಣು ಮೇಲಕ್ಕೆ ಸಿಕ್ಕಿಕೊಳ್ಳುತ್ತದೆ. ದವಾಖಾನೆಯಲ್ಲಿ ಒಂದು ಇಂಜೆಕ್ಷನ್ನಿಗೆ ಬೇಗನೆ ಇಳಿಯುವ ಉಪದ್ರವ ಇದು. ಓಣಿಯಲ್ಲಿ ಇದಕ್ಕೆ ಗಾಳಿ ಸೋಂಕೆಂದು ಹೆಸರು, ಚಿಕಿತ್ಸೆ ಬೇವಿನಸೊಪ್ಪು.

ಎರಡನೆಯದು ಸಿನ್ನರಿಜಿನ್. ನಿದ್ದೆ ತರುತ್ತದೆ. ಅದನ್ನು ನುಂಗಿ ಗೋವಿನಜೋಳದ ಟ್ರ್ಯಾಕ್ಟರ್ ಹತ್ತುವವರು, ಸಂಜೆ ಅದರ ಮೇಲೆ ಒಂದು ಕ್ವಾರ್ಟರ್ ಇಳಿಸಿ ಬೈಕ್ ಏರುವವರು ನಮ್ಮ ರಸ್ತೆಗಳಲ್ಲಿ ಎದುರಾಗುತ್ತಲೇ ಇರುತ್ತಾರೆ. ಮೂರನೆಯದು ಮೇಲೆ ಹೇಳಿದ ಬೀಟಾಹಿಸ್ಟಿನ್. ಇದು ಉಳಿದ ಎರಡರಷ್ಟು ಮಂಪರು ತರುವುದಿಲ್ಲ, ಆದರೆ ದಮ್ಮು ಇದ್ದವರು, ಹೊಟ್ಟೆಯಲ್ಲಿ ಹುಣ್ಣಾದವರು ಅದನ್ನು ವೈದ್ಯರಿಗೆ ಮೊದಲೇ ಹೇಳಬೇಕು, ಊಟದ ಜೊತೆ ತೆಗೆದುಕೊಳ್ಳಬೇಕು. ಆ ಮೆನಿಯೇರನ ಹೆಸರು ಹೊತ್ತ ಒಳಗಿವಿಯ ರೋಗಕ್ಕೆ ಇದು ಎಷ್ಟು ನಾಟುತ್ತದೆಂಬ ಜಗಳ ಇನ್ನೂ ಮುಗಿದಿಲ್ಲ. ಜರ್ಮನಿಯಲ್ಲಿ 221 ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲ 2016ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು: ಹೆಚ್ಚು ಪ್ರಮಾಣ, ಕಡಿಮೆ ಪ್ರಮಾಣ, ಬರೀ ಹಿಟ್ಟಿನ ಗುಳಿಗೆ, ಮೂರರಲ್ಲೂ ಸುತ್ತಿನ ಸಂಖ್ಯೆ ಹೆಚ್ಚುಕಡಿಮೆ ಒಂದೇ ರೀತಿ ಇಳಿದಿತ್ತು. ಹಾಗೆಂದು ನಾಳೆಯೇ ಯಾರೂ ಬಿಡಬೇಕಿಲ್ಲ. ಬರೆದ ವೈದ್ಯರನ್ನು ಒಂದು ಮಾತು ಕೇಳಬೇಕು. ಕೇಳುವುದೊಂದೇ ನಮಗೆ ಬಾರದ ಕೆಲಸ.

ಮೊದಲಿನ ಎರಡನ್ನು ತಿಂಗಳುಗಟ್ಟಲೆ ನುಂಗಿದ ಹಿರಿಯರಲ್ಲಿ ಕೆಲವರಿಗೆ ಆಗುವ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಸುತ್ತು ಎಂದೋ ನಿಂತಿರುತ್ತದೆ. ಚಹಾದ ಬಸಿಯಲ್ಲಿ ಸಣ್ಣ ಅಲೆ ಏಳತೊಡಗುತ್ತದೆ: ಕೈ ನಡುಗುತ್ತಿದೆ. ನಡಿಗೆ ಕಿರಿದಾಗುತ್ತದೆ, ಮುಖದ ಮೇಲೆ ಸಿಟ್ಟೂ ಇಲ್ಲ ನಗುವೂ ಇಲ್ಲ. "ವಯಸ್ಸಾತಲ್ಲ" ಎಂದು ಮನೆಯವರು. ಪಾರ್ಕಿನ್‌ಸನ್ ಇರಬೇಕೆಂದು ಇನ್ನೊಂದು ದವಾಖಾನೆ, ನಡುಕಕ್ಕೆ ಇನ್ನೊಂದು ಗುಳಿಗೆ. ಅದು ಬಾಯಿ ಒಣಗಿಸುತ್ತದೆ, ಮಲ ಕಟ್ಟಿಸುತ್ತದೆ, ಮೂತ್ರ ತಡೆಯುತ್ತದೆ, ರಾತ್ರಿ ಸತ್ತ ತಮ್ಮನನ್ನು ಬಾಗಿಲಲ್ಲಿ ತೋರಿಸುತ್ತದೆ. ಮಲಬದ್ಧತೆಗೆ ಒಂದು ಪುಡಿ, ನಿದ್ದೆಗೆ ಒಂದು ಗುಳಿಗೆ. ನಿದ್ದೆಯ ಗುಳಿಗೆ ನುಂಗಿ ನಸುಕಿನಲ್ಲಿ ಎದ್ದಾಗ ಕಣ್ಣು ಕತ್ತಲೆಗಟ್ಟಿ, ಬಾಗಿಲ ಚೌಕಟ್ಟು ಹಿಡಿದು ಅಜ್ಜ ಹೇಳುವುದು: "ಮತ್ತ ತಲಿ ತಿರಗಾಕತ್ತೇತಿ ನೋಡೋ." ಮೊಮ್ಮಗ ಓಡುತ್ತಾನೆ. ಲ್ಯಾಮಿನೇಷನ್ ಚೀಟಿ ಹುಡುಕಲಿಕ್ಕೆ.

ಬಂಕಾಪುರ ಕೋಟೆಯ ನಗರೇಶ್ವರ ಗುಡಿಯಲ್ಲಿ ಅರವತ್ತು ಕಂಬಗಳಿವೆ. ಹೀಗೆ ಐದಾರು ಗುಳಿಗೆಗಳ ಮೇಲೆ ನಿಂತವರಿಗೆ ಅಲ್ಲಿ ಅನುಕೂಲ, ಒಂದು ಕಂಬ ಬಿಟ್ಟರೆ ಇನ್ನೊಂದು ಕೈಗೆ ಸಿಗುತ್ತದೆ. ಮನೆಯಲ್ಲಿ ಅಷ್ಟು ಕಂಬ ಇರುವುದಿಲ್ಲ. ತೊಡೆಯ ಎಲುಬು ಮುರಿಯುತ್ತದೆ. ಎಷ್ಟೋ ಜನರಲ್ಲಿ ಈ ನಡುಕ, ಮೂಲದ ಗುಳಿಗೆಯನ್ನು ವೈದ್ಯರ ಸಲಹೆಯಂತೆ ನಿಲ್ಲಿಸಿದರೆ ಕೆಲವು ತಿಂಗಳಲ್ಲಿ ಇಳಿಯುವಂಥದು. ಆದರೆ ಮೂಲ ಯಾವುದೆಂದು ಕೇಳಬೇಕಲ್ಲ.

ಸೂಜಿಯ ಮಹಿಮೆ ಇನ್ನೊಂದು. ಕೈಚೀಲ ಹಿಡಿದು ಬೈಕಿನ ಮೇಲೆ ಬರುವ "ಡಾಕ್ಟರ" ಸೂಜಿ ಹಾಕದಿದ್ದರೆ ಅಂವ ಡಾಕ್ಟರೇ ಅಲ್ಲ. ಜ್ವರಕ್ಕೂ, ಹೊಟ್ಟೆನೋವಿಗೂ, ಮೂತ್ರದ ಉರಿಗೂ ಸೂಜಿ. ಅದರಲ್ಲಿ ಏನಿದೆ ಎಂದು ಕೇಳುವುದು ಅಪಮಾನ. ಜೆಂಟಾಮೈಸಿನ್, ಅಮಿಕಾಸಿನ್, ಸ್ಟ್ರೆಪ್ಟೊಮೈಸಿನ್ ಎಂಬ ಬಳಗ ಜೀವ ಉಳಿಸುವ ಔಷಧಗಳೇ. 1944ರ ನಂತರ ಕ್ಷಯರೋಗಿಗಳು ಬದುಕತೊಡಗಿದ್ದೇ ಸ್ಟ್ರೆಪ್ಟೊಮೈಸಿನ್ನಿನಿಂದ. ಆದರೆ ಪ್ರಮಾಣ ತಪ್ಪಿದರೆ, ಮೂತ್ರಪಿಂಡ ಸೋತಿದ್ದರೆ, ದಿನಗಳು ಹೆಚ್ಚಾದರೆ ಇವು ಒಳಗಿವಿಯ ಕೂದಲ ಕೋಶಗಳನ್ನು ಕೊಲ್ಲುತ್ತವೆ. ಆ ಕೋಶ ಮತ್ತೆ ಹುಟ್ಟುವುದಿಲ್ಲ. ಅಂಥವರಿಗೆ ಮನೆ ಗರಗರ ತಿರುಗುವುದಿಲ್ಲ. ನಡೆದರೆ ಎದುರಿನ ಬೋರ್ಡು ಕುಪ್ಪಳಿಸುತ್ತದೆ, ಕತ್ತಲಲ್ಲಿ ಹೆಜ್ಜೆ ಎತ್ತಲಾಗುವುದಿಲ್ಲ. ಇದೇ ಗುಣ ಕಂಡೇ ಬೇರೆ ಯಾವುದಕ್ಕೂ ಬಗ್ಗದ ಮೆನಿಯೇರನ ರೋಗಕ್ಕೆ ತಜ್ಞರು ಜೆಂಟಾಮೈಸಿನ್ನನ್ನು ಅಳೆದು ಕಿವಿಯ ಪರದೆಯ ಹಿಂದೆ ಬಿಟ್ಟು, ಕೆಟ್ಟ ಸಮತೋಲ ಅಂಗವನ್ನು ಬೇಕೆಂದೇ ಸುಮ್ಮನಾಗಿಸುತ್ತಾರೆ. ತಜ್ಞರು ಒಂದು ಕಿವಿಗೆ ಯೋಚಿಸಿ ಮಾಡುವುದನ್ನು ನಮ್ಮ ಕೈಚೀಲದವರು ಎರಡೂ ಕಿವಿಗೆ ಯೋಚಿಸದೆ ಮಾಡುತ್ತಾರೆ. ಆಮೇಲೆ ಆ ತೂರಾಟಕ್ಕೂ ಅವರ ಹತ್ತಿರವೇ ಸೂಜಿ ಇರುತ್ತದೆ.

ಖರೇ ಡಾಕ್ಟರ ಮುಂದೆ ಕೂತಾಗಲಾದರೂ ನಾವು ಸರಿಯಾಗಿ ಮಾತಾಡುತ್ತೇವೆಯೇ?

"ಎಷ್ಟು ಹೊತ್ತು ತಿರಗತೈತಿ?"

"ಭಾಳ್ರಿ."

"ಭಾಳ ಅಂದ್ರ? ಒಂದ ನಿಮಿಷ? ಒಂದ ತಾಸು? ದಿನಪೂರ್ತಿ?"

"ಸಾಕಾಗಿ ಹೋಗೇತ್ರಿ ಸಾಹೇಬ್ರ."

ಆ ಒಂದು ಉತ್ತರದ ಮೇಲೆ ಅರ್ಧ ರೋಗನಿರ್ಣಯ ನಿಂತಿದೆ. ಮಗ್ಗಲಾದಾಗ ನಿಮಿಷದೊಳಗೆ ಬಂದು ಹೋದರೆ ಹರಳಿನ ದಾರಿ. ಇಪ್ಪತ್ತು ನಿಮಿಷದಿಂದ ಅರ್ಧ ದಿನ, ಜೊತೆಗೆ ಕಿವಿಯಲ್ಲಿ ಗುಂಯ್‌ಗುಟ್ಟಿ ಕೇಳಿಸುವುದು ಮಂದವಾದರೆ ಮೆನಿಯೇರನ ದಾರಿ. ದಿನಗಟ್ಟಲೆ ಬಿಡದೆ ತಿರುಗಿದರೆ ಸಮತೋಲದ ನರದ ಬಾವು ಇರಬಹುದು. ಕೂತವರು ಎದ್ದಾಗ ಮಾತ್ರ ಕಣ್ಣು ಕತ್ತಲಾದರೆ ಕಿವಿಯದೇನೂ ತಪ್ಪಿಲ್ಲ, ಬಿಪಿಯ ಗುಳಿಗೆ ಹೆಚ್ಚಾಗಿದೆಯೇ ನೋಡಬೇಕು. ಈ ನಾಲ್ಕಕ್ಕೂ ಔಷಧ ಬೇರೆ ಬೇರೆ, ಒಂದಕ್ಕಂತೂ ಔಷಧವೇ ಬೇಡ. ಇಷ್ಟನ್ನು ಬಿಡಿಸಿ ಕೇಳಲು ಹತ್ತು ನಿಮಿಷ ಬೇಕು. ಬಾಗಿಲ ಹೊರಗೆ ಅರವತ್ತು ಜನ ಕೂತಿರುವಾಗ ಗುಳಿಗೆ ಬರೆಯಲು ಹತ್ತು ಸೆಕೆಂಡು ಸಾಕು. ಡಾಕ್ಟರಿಗೂ ಹಗುರ, ರೋಗಿಗೂ ತೃಪ್ತಿ, ಅಂಗಡಿಗೂ ವ್ಯಾಪಾರ. ಇಷ್ಟು ಜನರಿಗೆ ಒಪ್ಪಿಗೆಯಾದ ಏರ್ಪಾಡನ್ನು ಕೆಡಿಸಲು ಯಾರಿಗೆ ಮನಸ್ಸು ಬಂದೀತು?

ಐದನೆಯ ದಾರಿಯೂ ಒಂದಿದೆ. ಒಮ್ಮೆಲೇ ತಲೆ ತಿರುಗಿ, ನಾಲಿಗೆ ತೊದಲಿ, ಒಂದು ಎರಡಾಗಿ ಕಂಡು, ಒಂದು ಕಡೆಯ ಕೈಕಾಲು ಸೋತು, ಹಿಡಿದುಕೊಂಡರೂ ನಿಲ್ಲಲಾಗದಿದ್ದರೆ ಅದು ಮಿದುಳಿನ ಹಿಂಭಾಗಕ್ಕೆ ಹೊಡೆದ ಲಕ್ವ ಇರಬಹುದು. ಹೆಪ್ಪುಗಟ್ಟಿದ ರಕ್ತ ಕರಗಿಸುವ ಔಷಧ ಕೊಡಲು ಇರುವ ಕಾಲ ಸಾಮಾನ್ಯವಾಗಿ ನಾಲ್ಕೂವರೆ ತಾಸು, ಅದೂ ರೋಗಿ ಸರಿಯಾಗಿದ್ದುದನ್ನು ಕೊನೆಯ ಸಲ ಕಂಡ ಗಳಿಗೆಯಿಂದ. 108ಕ್ಕೆ ಫೋನು ಮಾಡಿ ಗಾಡಿ ಬಂದರೆ ಹುಬ್ಬಳ್ಳಿ ತಾಸು, ಒಂದೂವರೆ ತಾಸಿನ ಹಾದಿ. ಸಮಯ ಉಂಟು, ಸಾಲುತ್ತದೆ ಕೂಡ. ಆದರೆ ಮೊದಲು ನಿಂಬೆಹಣ್ಣಿನ ಪಾನಕ ಆಗಬೇಕು. ಅದು ವಾಂತಿಯಾದ ಮೇಲೆ ಸೋಡಾ. ದೃಷ್ಟಿ ತೆಗೆಯುವವರು ಹೊಲದಿಂದ ಬರಬೇಕು. ಹಿಂದಿನ ಓಣಿಯಿಂದ ಎರಡು ಗುಳಿಗೆ ಬರಬೇಕು; ನುಂಗಿಸಿ, "ಮಲಗಲಿ ಬಿಡ್ರಿ, ಎದ್ದರ ಆರಾಮ ಆಕ್ಕೇತಿ" ಎಂದು ಸಂಜೆತನಕ ಕಾಯಬೇಕು. ಗುಳಿಗೆಯ ಮಂಪರೋ ಲಕ್ವದ ಮಂಪರೋ ಯಾರಿಗೂ ಗೊತ್ತಿಲ್ಲ. ಕೊನೆಗೆ ಗಾಡಿ ಬಂದಾಗ ಮುಂದಿನ ಸೀಟಿಗೆ ಯಾರು ಎಂಬ ಚರ್ಚೆ, ಸೋದರಮಾವನ ಮಾನಕ್ಕೆ ಕಡಿಮೆಯಾಗಬಾರದು.

ಹುಬ್ಬಳ್ಳಿಯ ದವಾಖಾನೆಯಲ್ಲಿ ಹರೆಯದ ಡಾಕ್ಟರಮ್ಮ ಯಾವಾಗ ಶುರುವಾಯಿತೆಂದು ಕೇಳುತ್ತಾಳೆ. ಐದು ಜನ ಐದು ಹೊತ್ತು ಹೇಳುತ್ತಾರೆ. ಏನೇನು ಔಷಧ ಕೊಟ್ಟಿದ್ದೀರೆಂದು ಕೇಳುತ್ತಾಳೆ. ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಎಲ್ಲರ ಪರವಾಗಿ ಸೋದರಮಾವ ಮುಂದೆ ಬಂದು, ಟೊಪ್ಪಿಗೆ ಸರಿಮಾಡಿಕೊಂಡು ಹೇಳುತ್ತಾನೆ:

"ಔಷಧ ಏನೂ ಕೊಟ್ಟಿಲ್ರಿ ಬಾಯಾರ. ಬರೇ ತಲಿ ತಿರಗೂ ಗುಳಿಗಿ, ಅಷ್ಟ."